ಎಣ್ಣೆ ಕಂಪನಿಯ ಐದು ಲೆಕ್ಕ

ಶಹಾಪುರದಲ್ಲಿ ನನ್ನ ಹೆಸರಿಗೆ ಹೊಲವಿಲ್ಲ, ಮನೆಯಿಲ್ಲ, ಒಂದು ಎಮ್ಮೆಯೂ ಇಲ್ಲ. ಆದರೆ ಒಂದು ಕಾಲದಲ್ಲಿ ಒಂದು ಎಣ್ಣೆ ಮಿಲ್ಲಿನ ಎಪ್ಪತ್ತರಲ್ಲಿ ಒಂದು ಪಾಲು ನನ್ನದಾಗಿತ್ತು. ನೂರು ಹಾಲಿಸಿಕ್ಕಾ ರೂಪಾಯಿ ಕೊಟ್ಟು ಕೊಂಡ ಷೇರು. ಅದರ ಕಾಗದ ಇನ್ನೂ ಟ್ರಂಕಿನಲ್ಲಿದೆ. ಕಾಗದ ಬಹಳ ಗಟ್ಟಿಯದು. ಮಿಲ್ಲು ಹೇಗೆ ಹೋಯಿತೆಂದು ಯಾರಾದರೂ ಕೇಳಿದರೆ ಬೆಂಕಿ ಬಿತ್ತೆಂದು ಹೇಳಿಬಿಡುತ್ತೇನೆ. ಭಾಗಾಕಾರ ಮಾಡಿ ಹೋಯಿತು ಎಂದರೆ ನಂಬುವವರು ಯಾರು?

ಪೊಲೀಸ್ ಆಕ್ಷನ್ ಆಗಿ ನಾಲ್ಕು ವರ್ಷವಾಗಿತ್ತು. ನಿಜಾಮನ ಸೀಮೆ ದಿಲ್ಲಿಗೆ ಸೇರಿತ್ತು, ಆದರೆ ರೂಪಾಯಿ ಇನ್ನೂ ಪೂರ್ತಿ ಸೇರಿರಲಿಲ್ಲ. ಸಂತೆಯಲ್ಲಿ ನಿಜಾಮನ ಹಾಲಿಸಿಕ್ಕಾ, ಬ್ಯಾಂಕಿನಲ್ಲಿ ಹಿಂದೂಸ್ತಾನದ ಕಲ್ದಾರ್. ಏಳು ಹಾಲಿ ಕೊಟ್ಟರೆ ಆರು ಕಲ್ದಾರ್. ನಮ್ಮ ಶಾಲೆಯೂ ಹಾಗೆಯೇ ಇತ್ತು. ಉರ್ದುವಿನಲ್ಲಿ ಲೆಕ್ಕ ಕಲಿತ ನಾನು ಅದನ್ನು ಕನ್ನಡದಲ್ಲಿ ಕಲಿಸುತ್ತಿದ್ದೆ. ಮೌನಪ್ಪ ಮಾಸ್ತರ ಎಂದರೆ ಊರಿಗೆಲ್ಲ ಲೆಕ್ಕದ ಹುಲಿ ಎಂಬ ಭ್ರಮೆ. ಆ ಭ್ರಮೆಯನ್ನು ನಾನೂ ತಿದ್ದಲಿಲ್ಲ, ತಪ್ಪು ಅಲ್ಲಿಂದಲೇ ಶುರು.

ಮಿಲ್ಲಿನ ಯಜಮಾನ ನೀಲಕಂಠ ನನ್ನ ನೆರೆಮನೆಯವನು. ಅವನ ಅಪ್ಪ ಎತ್ತು ಕಟ್ಟಿ ಗಾಣ ತಿರುಗಿಸಿದವರು. ಇವನು ಹೆಗಲ ಮೇಲೆ ಎಣ್ಣೆ ಡಬ್ಬಿ ಹೊತ್ತು ಊರೂರು ತಿರುಗಿದವನು. ಹೊಸ ರಾಜ್ಯ ಬಂದ ಮೇಲೆ ನಮ್ಮಂಥವರಿಗೆಲ್ಲ ಷೇರು ಮಾರಿ, ಹೆಂಡತಿ ಭೀಮಾಬಾಯಿಯ ನಾಲ್ಕು ಬಂಗಾರದ ಬಳೆ ಮಾರಿ, ಬ್ಯಾಂಕಿನಲ್ಲಿ ಸಾಲ ತೆಗೆದು ಒಂದು ಎಂಜಿನ್ ತಂದು ನಿಲ್ಲಿಸಿದ. ಮಿಲ್ಲು ಎಂದರೆ ಎಂಜಿನ್, ನಾಲ್ಕು ಗೋಡೆ, ಸೇಂಗಾ ಚೀಲ ಮತ್ತು ‘ಮ್ಯಾನೇಜಿಂಗ್ ಡೈರೆಕ್ಟರ್’ ಎಂದು ಮೂರು ಲಿಪಿಯಲ್ಲಿ ಬರೆಸಿದ ಒಂದು ಹಲಗೆ. ಆ ಮನುಷ್ಯನಿಗೆ ಅದರ ಹೊರತು ಬೇರೆ ಬದುಕಿರಲಿಲ್ಲ. ಎಂಜಿನ್ ಕೆಮ್ಮಿದರೆ ಇವನು ಮೆಣಸಿನ ಕಷಾಯ ಕುಡಿಯುತ್ತಿದ್ದ.

ಅವನಲ್ಲಿ ಒಂದೇ ಒಂದು ಐಬು. ಯಾರು ಏನು ಕೇಳಿದರೂ ಉತ್ತರ ಕೊಡುತ್ತಿದ್ದ.

ಅವತ್ತು ಯಾದಗಿರಿಯ ಬ್ಯಾಂಕಿಗೆ ನನ್ನನ್ನೂ ಕರೆದುಕೊಂಡು ಹೋಗಿದ್ದ. ಸಾಲವನ್ನು ಇನ್ನೊಂದು ವರ್ಷ ಮುಂದುವರಿಸಬೇಕಿತ್ತು. ಮ್ಯಾನೇಜರು ಮೈಸೂರು ಕಡೆಯ ಹೊಸಬರು, ಬಹಳ ಮರ್ಯಾದಸ್ಥರು.

“ನಿಮ್ಮ ಕಂಪನಿಯಲ್ಲಿ ಬಂಡವಾಳಕ್ಕೆ ಸಾಲ ಯಾವ ಪ್ರಮಾಣದಲ್ಲಿದೆ, ಸ್ವಾಮಿ?” ಎಂದು ಕೇಳಿದರು.

ನೀಲಕಂಠ ರುಮಾಲು ಸರಿಮಾಡಿಕೊಂಡು, “ಅರ್ಧ ಅದರಿ,” ಎಂದ.

“ಬಹಳ ಸಂತೋಷ. ಸಾಲ ಬಂಡವಾಳವನ್ನು ಮೀರಿರಬಾರದು, ಅಷ್ಟೆ. ಈ ಫಾರ್ಮಿನಲ್ಲಿ ಬರೆದು ತಿಂಗಳ ಕೊನೆಯೊಳಗೆ ಕೊಡಿ. ಮೀರಿದ್ದರೆ ಮಾತ್ರ ಕಷ್ಟ. ಸಾಲ ಪೂರ್ತಿ ಕಟ್ಟಬೇಕಾಗುತ್ತೆ, ಇಲ್ಲವಾದರೆ ಮಿಲ್ಲಿಗೆ ಬೀಗ.”

ಮೆಟ್ಟಿಲು ಇಳಿಯುವಾಗ ನೀಲಕಂಠ ನನ್ನ ತೋಳು ಹಿಡಿದುಕೊಂಡ. “ಮಾಸ್ತರ್ರೆ, ಅದನ್ನ ಹೆಂಗ ತೆಗೀತಾರ್ರಿ?”

“ಗೊತ್ತಿಲ್ದನ ಅರ್ಧ ಅಂತ ಹೆಂಗ ಹೇಳಿದ್ರಿ?”

“ಕಾಲು ಅಂದ್ರ ಸುಳ್ಳು ಅನಸ್ತದ. ಪೂರಾ ಅಂದ್ರ ಅಂಜತಾರ. ಅರ್ಧ ಅಂದ್ರ ಯಾರಿಗೂ ತ್ರಾಸ ಇಲ್ಲ.”

ಇಲ್ಲಿ ಕಂಪನಿಯ ಸ್ಥಿತಿ ಹೇಳಿಬಿಡಬೇಕು. ಷೇರು ಬಂಡವಾಳ ಏಳು ಸಾವಿರ ಹಾಲಿ, ಅಂದರೆ ಆರು ಸಾವಿರ ಕಲ್ದಾರ್. ಬ್ಯಾಂಕಿನ ಸಾಲ ನಾಲ್ಕೂವರೆ ಸಾವಿರ ಕಲ್ದಾರ್. ಇವೆರಡೇ ಆಗಿದ್ದರೆ ನನ್ನ ಶಾಲೆಯ ನಾಲ್ಕನೆಯ ಇಯತ್ತೆಯವರೂ ಲೆಕ್ಕ ಮಾಡುತ್ತಿದ್ದರು. ಆದರೆ ಇದರ ಮೇಲೆ ಕೈಗಡವಿತ್ತು. ನೀಲಕಂಠನ ಬಂಧುಗಳ ಏಳು ಮನೆಯವರು ಮನೆಗೆ ಐದು ನೂರು ಹಾಲಿಯಂತೆ ಮೂರೂವರೆ ಸಾವಿರ ಕೊಟ್ಟಿದ್ದರು. ಕಲ್ದಾರ್ ಲೆಕ್ಕದಲ್ಲಿ ಮೂರು ಸಾವಿರ. ನಮ್ಮ ಕಡೆ ಕೈಗಡಕ್ಕೆ ಬಡ್ಡಿಯಿಲ್ಲ, ವಾಯಿದೆಯಿಲ್ಲ, ಕಾಗದವಂತೂ ಇಲ್ಲವೇ ಇಲ್ಲ. ಕೊಟ್ಟವರು ಬಾಯಿಬಿಟ್ಟು ಕೇಳುವುದಿಲ್ಲ, ಇಸಕೊಂಡವರು ಮರೆಯುವುದಿಲ್ಲ. ಕೇಳಿದರೆ ಕೊಟ್ಟವನ ಮಾನ ಹೋಗುತ್ತದೆ, ಮರೆತರೆ ಇಸಕೊಂಡವನದು.

ಬ್ಯಾಂಕಿನಿಂದ ನೇರ ವಕೀಲ ಬಸವಂತ್ರಾಯರ ಮನೆಗೆ ಹೋದೆವು. ನಿಜಾಮನ ಕಾಯದೆಯನ್ನು ಬಾಯಿಪಾಠ ಮಾಡಿದ್ದ ಅವರು ಈಗ ದಿಲ್ಲಿಯ ಕಾಯದೆಯ ದಪ್ಪ ಪುಸ್ತಕ ತರಿಸಿ, ಅದನ್ನು ಓದುವ ಬದಲು ಅದರ ಮೇಲೆ ಕೈಯಿಟ್ಟು ಮಾತಾಡುತ್ತಿದ್ದರು.

“ಕಂಪನಿ ಅಂದ್ರ ಏನು? ಸಾಲಾ, ಬಂಡವಾಳಾ ಎರಡೂ ಕೂಡಿ ಕಂಪನಿ. ಒಟ್ಟು ಹದಿಮೂರೂವರಿ ಸಾವಿರ. ಅದರಾಗ ಸಾಲ ಏಳೂವರಿ ಸಾವಿರ. ಒಂಬತ್ತರಾಗ ಐದು ಆತು. ಒಂದಕ್ಕಿಂತ ಕಡಿಮಿ ಅದ, ಅಂದ್ರ ಮೀರಿಲ್ಲ. ಮುಗೀತು. ಫೀಸು ಹತ್ತು ರೂಪಾಯಿ.”

“ಹಾಲಿ ಏನ್ರಿ, ಕಲ್ದಾರ್ ಏನ್ರಿ?” ಎಂದ ನೀಲಕಂಠ.

“ಕಾಯದೆ ಕಲ್ದಾರ್ ಆಗಿ ಭಾಳ ದಿನ ಆತು,” ಎಂದರು ವಕೀಲರು.

ಬಸ್ಸಿನಲ್ಲಿ ನೀಲಕಂಠ ಖುಷಿಯಾಗಿದ್ದ. ನಾನು ಸುಮ್ಮನೆ ಕೂತಿದ್ದರೆ ನನ್ನ ನೂರು ರೂಪಾಯಿ ಇವತ್ತಿಗೂ ಇರುತ್ತಿತ್ತು. ಆದರೆ ಮಾಸ್ತರನ ನಾಲಿಗೆ ತಪ್ಪು ಕಂಡಲ್ಲಿ ಸುಮ್ಮನಿರುವುದಿಲ್ಲ. “ನೀಲಕಂಠಪ್ಪ, ಈ ಲೆಕ್ಕದಾಗ ನೀವು ಹತ್ತು ಲಕ್ಷ ಸಾಲಾ ಮಾಡಿದ್ರೂ ಒಂದು ದಾಟೂದಿಲ್ಲರಿ. ಸಾಲಾನ ಬಂಡವಾಳದಾಗೂ ಕೂಡಿಸಿ ಭಾಗಿಸಿದ್ರ ಯಾವ ದಿವಾಳಿ ಕಂಪನಿನೂ ಪಾಸ್ ಆಗತದ. ಆ ಮ್ಯಾನೇಜರ್ ಅಷ್ಟು ದಡ್ಡ ಅಲ್ಲ.”

ಅವನ ಮುಖ ಬಾಡಿತು. ಮರುದಿನವೇ ಸುರಪುರಕ್ಕೆ ಹೊರಟೆವು.

ಸುರಪುರದ ಖಾಜಾಮಿಯಾ ನಲವತ್ತು ವರ್ಷ ಸರಕಾರಿ ದಫ್ತರದಲ್ಲಿ ಮುನ್ಶಿಯಾಗಿದ್ದವರು, ಈಗ ಪಿಂಚಣಿಯಲ್ಲಿದ್ದರು. ಅವರ ಲೆಕ್ಕದಲ್ಲಿ ಒಂದು ಪೈ ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ. ಕನ್ನಡಕ ಏರಿಸಿ, ಹಾಲಿಯನ್ನೆಲ್ಲ ಕಲ್ದಾರ್ ಮಾಡಿ, ಕೆಂಪು ಮಸಿಯಲ್ಲಿ ಗೆರೆ ಎಳೆದು ಕೂತರು.

“ಕರ್ಜ್ ಅಂದ್ರ ಕರ್ಜ್, ಸೇಠ್. ಬ್ಯಾಂಕ್ ಕೊಟ್ರೂ ಕರ್ಜ್, ಸಗೀ ಅಕ್ಕ ಕೊಟ್ರೂ ಕರ್ಜ್. ಏಳೂವರಿ ಸಾವಿರ. ಪೂಂಜಿ ಆರು ಸಾವಿರ. ಏಳೂವರಿಗೆ ಆರರಿಂದ ಭಾಗಿಸಿದ್ರ...” ಅವರು ಲೇಖಣಿ ಕೆಳಗಿಟ್ಟರು. “ಸವ್ವಾ. ಒಂದೂಕಾಲು.”

“ಸವ್ವಾ ಅಂದ್ರ, ಒಂದು ದಾಟಿತೇನ್ರಿ?”

ಖಾಜಾಮಿಯಾ ಕನ್ನಡಕ ತೆಗೆದು ಒರೆಸಿಕೊಂಡರು. ಒಳಗೆ ತಿರುಗಿ, “ಇಮಾಮಬೀ, ಎರಡು ಚಾ ಕಳಸು, ಸಕ್ಕರಿ ಜಾಸ್ತಿ ಹಾಕು,” ಎಂದರು. ಆಮೇಲೆ ನೀಲಕಂಠನ ಬೆನ್ನ ಮೇಲೆ ಕೈಯಿಟ್ಟು, “ಸಬರ್ ಮಾಡ್ರಿ. ಎಲ್ಲಾರ ಮನಿಯಾಗೂ ಒಂದಿಲ್ಲೊಂದು ದಿನ ಬರೂದೇ,” ಎಂದರು. ತೀರಿಹೋದವರು ಯಾರೆಂದು ಕೇಳಿಕೊಂಡು ನೆರೆಮನೆಯವರು ಇಬ್ಬರು ಬಂದು ಕೂತರು. ನಾವು ಚಹಾ ಕುಡಿದು ಎದ್ದಾಗ ಅವರೂ ಬಾಗಿಲ ತನಕ ಬಂದು ಸಮಾಧಾನ ಹೇಳಿ ಕಳಿಸಿದರು.

ಮನೆಗೆ ಬಂದು ನೀಲಕಂಠ ಗೋಡೆಗೆ ಒರಗಿ ಕೂತ. ಭೀಮಾಬಾಯಿ ರೊಟ್ಟಿ ಬಡಿಯುತ್ತಲೇ ಎಲ್ಲ ಕೇಳಿಸಿಕೊಂಡಳು. ಅವಳು ಶಾಲೆಯ ಮುಖ ಕಂಡವಳಲ್ಲ.

“ತಿಜೋರಿಯಾಗ ಹದಿನೈದು ನೂರು ಕಲ್ದಾರ್ ಅದಾವಲ್ಲ, ಅವನ್ನ ಮೊದಲ ಕಳೀರಿ. ಸಾಲಾ ಕೊಟ್ಟವ್ರು ಬಂದ್ರ ಅವನ್ನೇ ಅಲ್ಲೇನು ಕೊಡೂದು?”

ನಾನು ಕಳೆದೆ. ಏಳೂವರೆಯಲ್ಲಿ ಒಂದೂವರೆ ಹೋದರೆ ಆರು. ಆರಕ್ಕೆ ಆರು.

“ಸರಿಸಮ ಆತು!” ಎಂದೆ.

“ಮತ್ತ? ಮೀರಬಾರದು ಅಂದಾನ. ಸರಿಸಮ ಆಗಬಾರದು ಅಂದಾನೇನು? ಹೋಗಿ ಬರಕೊಟ್ಟು ಬರ್ರಿ. ಎಂಜಿನ್ನಿಗೆ ಎಣ್ಣಿ ಬಿಡೂದದ.”

ಆ ಹೆಂಗಸಿನ ಮಾತು ಕೇಳಿದ್ದರೆ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ನೀಲಕಂಠ ತಲೆಯಾಡಿಸಿದ. “ನಾ ಅರ್ಧ ಅಂತ ಹೇಳಿ ಬಂದೀನಿ. ಈಗ ಪೂರಾ ಒಂದು ಅಂತ ಬರಕೊಟ್ರ ಆ ಮನುಷ್ಯಾ ಏನಂದಾನು? ಮಾತಂದ್ರ ಮಾತು.”

ಅರ್ಧದ ಗೀಳು ಅವನ ತಲೆಗೆ ಹೊಕ್ಕಿತ್ತು. ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ನಾನು ಶಾಲೆಯಲ್ಲಿ ಮಗ್ಗಿ ಹೇಳಿಸುತ್ತಿದ್ದಾಗ ಕಿಟಕಿಯಲ್ಲಿ ಅವನ ರುಮಾಲು ಕಾಣಿಸಿತು.

“ಮಾಸ್ತರ್ರೆ! ಕೈಗಡ ಸಾಲದಾಗಿಂದ ತಗದು ಬಂಡವಾಳದಾಗ ಹಾಕಿದ್ರ?”

ನಾನು ಕರಿಹಲಗೆಯ ಮೇಲೆಯೇ ಮಾಡಿದೆ. ಸಾಲ ನಾಲ್ಕೂವರೆ ಸಾವಿರ. ಬಂಡವಾಳ ಆರು ಕೂಡಿಸು ಮೂರು, ಒಂಬತ್ತು ಸಾವಿರ. ಒಂಬತ್ತರಲ್ಲಿ ನಾಲ್ಕೂವರೆ. ಕರಾರುವಾಕ್ಕಾಗಿ ಅರ್ಧ! ನಾವಿಬ್ಬರೂ ಕಿಟಕಿಯ ಸರಳುಗಳ ಮಧ್ಯೆ ಕೈ ಹಿಡಿದುಕೊಂಡು ಕುಣಿದೆವು. ನಾಚಿಕೆಯಾಗುತ್ತದೆ, ಆದರೆ ಕುಣಿದದ್ದು ನಿಜ.

ಇನ್ನು ಉಳಿದದ್ದು ಒಂದೇ ಕೆಲಸ. ಕೈಗಡ ಕೊಟ್ಟವರಿಂದ ‘ಇದು ಸಾಲವಲ್ಲ, ಷೇರು’ ಎಂದು ಬರೆಸಿಕೊಳ್ಳಬೇಕು. ಆ ಕಾಗದದ ಒಕ್ಕಣೆ ನನ್ನದೇ: ‘ನಾನು ಕೊಟ್ಟ ಐದು ನೂರು ರೂಪಾಯಿ ಸಾಲವಲ್ಲ, ಅದನ್ನು ವಾಪಸು ಕೇಳುವ ಹಕ್ಕು ನನಗಿಲ್ಲ, ಕಂಪನಿಯ ಲಾಭನಷ್ಟಕ್ಕೆ ನಾನೂ ಬಾಧ್ಯಸ್ಥನು.’ ವ್ಯಾಕರಣದಲ್ಲಿ ಒಂದೂ ತಪ್ಪಿರಲಿಲ್ಲ. ಊರು ಹಾಳು ಮಾಡುವ ವಾಕ್ಯಗಳಲ್ಲಿ ಸಾಮಾನ್ಯವಾಗಿ ತಪ್ಪಿರುವುದಿಲ್ಲ.

ಮೊದಲ ಮನೆ ದೇವಾಪುರದ್ದು, ನೀಲಕಂಠನ ಅಕ್ಕ ಗೊಲ್ಲಾಳಮ್ಮನದು. ಅವಳೂ ಗಂಡ ನಾಗಣ್ಣನೂ ನಮ್ಮನ್ನು ಕಂಡು ಹಿಗ್ಗಿದರು. ರೊಟ್ಟಿ, ಪುಂಡಿಪಲ್ಯ, ಗಟ್ಟಿ ಮೊಸರು, ಎಲ್ಲ ಆಯಿತು. ಕೈ ತೊಳೆದ ಮೇಲೆ ನೀಲಕಂಠ ಕಾಗದ ತೆಗೆದ, ನಾನು ಓದಿದೆ.

ನಾಗಣ್ಣ, “ನಡುವಿಂದು ಇನ್ನೊಮ್ಮೆ ಓದ್ರಿ ಮಾಸ್ತರ್ರೆ,” ಎಂದ.

“ವಾಪಸು ಕೇಳುವ ಹಕ್ಕು ನನಗಿಲ್ಲ.”

“ನೀಲಕಂಠ, ನಾವು ಯಾವತ್ತರ ವಾಪಸು ಕೇಳೀವೇನು?”

“ಇಲ್ಲ ಮಾಮಾ, ಒಂದಿನಾನೂ ಕೇಳಿಲ್ಲ.”

“ಹಂಗಾರ ಕೇಳಬ್ಯಾಡ್ರಿ ಅಂತ ಬರಸಾಕ ಯಾಕ ಬಂದಿ?”

ಯಾರು ಏನು ಕೇಳಿದರೂ ಉತ್ತರ ಕೊಡುವ ನೀಲಕಂಠ ಕಾಗದವನ್ನು ಮಡಚತೊಡಗಿದ. ಗೊಲ್ಲಾಳಮ್ಮ ಹತ್ತಿರ ಬಂದು ತಮ್ಮನ ಗದ್ದ ಹಿಡಿದಳು. “ತಮ್ಮಾ, ಖರೇ ಹೇಳು. ಮಿಲ್ಲಿಗೆ ಏನ ಆಗ್ಯದ?”

“ಏನೂ ಆಗಿಲ್ಲಕ್ಕ. ಚಲೋ ನಡದದ.”

“ಚಲೋ ನಡದಿದ್ರ ನಿನಗ ನನ್ನ ಹೆಬ್ಬಟ್ಟು ಯಾಕ ಬೇಕಾತು?”

“ಅದು ಬ್ಯಾಂಕಿನ ಲೆಕ್ಕದಕ್ಕ. ಸವ್ವಾ ಆಗ್ಯದ, ಅದನ್ನ ಅರ್ಧ ಮಾಡಬೇಕಾಗ್ಯದ.”

“ಸವ್ವಾ ಆಗ್ಯದಂತ್ರೀ!” ಎಂದು ಅವಳು ಗಂಡನ ಕಡೆ ನೋಡಿ ಬಾಯಿಗೆ ಸೆರಗು ಹಚ್ಚಿಕೊಂಡಳು. ಅದು ಯಾವ ರೋಗವೆಂದು ಅವಳಿಗೆ ತಿಳಿದಿರಲಿಲ್ಲ. ಆದರೆ ತಮ್ಮ ಹೇಳಿದ ದನಿಯಲ್ಲಿ ಅದು ವಾಸಿಯಾಗುವಂಥದ್ದಲ್ಲ ಎಂಬುದು ಗೊತ್ತಾಗಿತ್ತು.

ಹೆಬ್ಬೆಟ್ಟು ಸಿಗಲಿಲ್ಲ. ನಾವು ಎರಡನೆಯ ಮನೆ ಮುಟ್ಟುವುದರೊಳಗೆ ಸುದ್ದಿ ಮುಟ್ಟಿತ್ತು: ನೀಲಕಂಠ ಕೈಗಡಕ್ಕೆ ಹೆಬ್ಬೆಟ್ಟು ಕೇಳುತ್ತಿದ್ದಾನೆ. ಅಲ್ಲಿ ಬಾಗಿಲು ಹಾಕಿತ್ತು. ಮೂರನೆಯ ಮನೆಯಲ್ಲಿ ಬಾಗಿಲು ತೆರೆದಿತ್ತು, ಜನ ಇರಲಿಲ್ಲ. ಆಮೇಲೆ ಗೊತ್ತಾಯಿತು, ಅವರೆಲ್ಲ ಶಹಾಪುರದ ಬಸ್ಸು ಹತ್ತಿದ್ದರು.

ಮರುದಿನ ಬೆಳಿಗ್ಗೆ ಮಿಲ್ಲಿನ ಅಂಗಳದಲ್ಲಿ ಹಿಂಡಿ ಚೀಲಗಳ ಮೇಲೆ ಏಳು ಮನೆಯವರೂ ಸಾಲಾಗಿ ಕೂತಿದ್ದರು. ಇಪ್ಪತ್ತೆರಡು ಜನ. ಯಾರೂ ಹಣ ಕೇಳಲಿಲ್ಲ. ಕೈಗಡ ಕೇಳುವುದುಂಟೆ? ಮಾನವಂತರು.

“ಸುಮ್ಮ ಬಂದೀವಿ. ಎಂಜಿನ್ ನೋಡಿ ಭಾಳ ದಿನ ಆಗಿತ್ತು,” ಎಂದ ಸೋದರಮಾವ ಅಂಬಣ್ಣ.

“ಸುಮ್ಮ ಬಂದೀವಿ,” ಎಂದಳು ಅಯ್ಯಮ್ಮತ್ತೆ, ಎಂಜಿನ್ನಿಗೆ ಬೆನ್ನು ಮಾಡಿ, ತಿಜೋರಿಗೆ ಮುಖ ಮಾಡಿ.

ಎಲ್ಲರೂ ನಿಟ್ಟುಸಿರು ಬಿಟ್ಟರು. ಎಂಜಿನ್ ಡಗಡಗ ಎನ್ನುವ ಸದ್ದಿನ ಮೇಲೆಯೂ ಆ ನಿಟ್ಟುಸಿರು ಕೇಳುತ್ತಿತ್ತು. ಬಂಧುಗಳನ್ನು ಉಪವಾಸ ಕೂರಿಸುವ ಹಾಗಿಲ್ಲವಲ್ಲ, ಭೀಮಾಬಾಯಿ ಎರಡು ಹೊತ್ತೂ ರೊಟ್ಟಿ ಬಡಿದಳು. ಅವರು ಉಂಡರು, ಎಲೆಅಡಿಕೆ ಹಾಕಿದರು, ಮತ್ತೆ ಚೀಲದ ಮೇಲೆ ಕೂತರು. ಎರಡನೆಯ ದಿನ ಅಂಬಣ್ಣ ಮಾವ, “ನನ್ನ ಮೊಮ್ಮಗಳ ಲಗ್ನ ಇನ್ನ ಎಂಟು ವರ್ಷಕ್ಕ ಬರತದ. ರೊಕ್ಕದ ತ್ರಾಸ ಅದ ನೋಡು,” ಎಂದ. ಮೂರನೆಯ ದಿನ ಹಿಟ್ಟಿನ ಗಡಿಗೆ ಬರಿದಾಯಿತು. ಊರಿನ ಷೇರುದಾರರು ಬೇಲಿಯ ಹೊರಗೆ ನಿಂತು ಒಳಗಿನವರನ್ನು ಎಣಿಸುತ್ತಿದ್ದರು. ನಿಜ ಹೇಳುತ್ತೇನೆ, ಅವರಲ್ಲಿ ನಾನೂ ಒಬ್ಬ.

ನೀಲಕಂಠನಿಗೆ ಇನ್ನು ತಡೆಯಲಾಗಲಿಲ್ಲ. ತಿಜೋರಿ ತೆಗೆದ.

“ಅಯ್ಯ, ಬ್ಯಾಡ ಬಿಡಪಾ, ಅವಸರ ಏನದ?” ಎಂದು ಅಯ್ಯಮ್ಮತ್ತೆ ಸೆರಗು ಹಾಸಿದಳು. ಮೂರು ಸಲ ಬೇಡ ಎಂದಳು, ಮೂರು ಸಲವೂ ಸೆರಗು ಹಾಸಿಯೇ ಇತ್ತು. ಹದಿನೈದು ನೂರು ಕಲ್ದಾರಿನಲ್ಲಿ ಮೂರು ಮನೆಯವರಿಗೆ ಪೂರ್ತಿ, ನಾಲ್ಕನೆಯ ಅಂಬಣ್ಣ ಮಾವನಿಗೆ ಅರ್ಧ ಮುಟ್ಟಿತು. ಅರ್ಧ ಮುಟ್ಟಿದ ಅಂಬಣ್ಣ ಬಿಟ್ಟ ನಿಟ್ಟುಸಿರು ಮಾತ್ರ ಎಲ್ಲಕ್ಕಿಂತ ಉದ್ದನೆಯದು. ಉಳಿದವರು ಖಾಲಿ ತಿಜೋರಿಯನ್ನು ನೋಡಿ ಒಬ್ಬರಿಗೊಬ್ಬರು ಅಂಟಿಕೊಂಡು ಕೂತರು.

ಗುರುಮಠಕಲ್‌ನ ವ್ಯಾಪಾರಿ ಸುಲ್ತಾನಸಾಬ ಅದೇ ದಿನ ಹಿಂಡಿ ಕೊಳ್ಳಲು ಬಂದಿದ್ದ. ನೀಲಕಂಠ ಅವನ ಕೈ ಹಿಡಿದು, ಗೋದಾಮಿನ ಸೇಂಗಾ ಅಷ್ಟನ್ನೂ ಹದಿನೈದು ನೂರಕ್ಕೆ ಕೊಟ್ಟುಬಿಟ್ಟ. ಎರಡೂವರೆ ಸಾವಿರದ ಮಾಲು. “ಖರೇನ ಮಾರ್ತೀರೇನ್ರಿ ಸೇಠ್?” ಎಂದು ಸುಲ್ತಾನಸಾಬ ನಾಲ್ಕು ಸಲ ಕೇಳಿದ. ಕೊನೆಗೆ ಪಾಪ ಅವನೂ ಒಂದು ನಿಟ್ಟುಸಿರು ಬಿಟ್ಟು ಬಂಡಿ ಕಟ್ಟಿಸಿದ.

ಆ ಹಣದಿಂದ ಉಳಿದವರದೂ ತೀರಿತು, ಕೊನೆಯ ಪಾಲು ಗೊಲ್ಲಾಳಮ್ಮನದು. ಅವಳು ಅಳುತ್ತಲೇ ಎಣಿಸಿಕೊಂಡಳು. ಎಣಿಸಿಕೊಂಡು ಮತ್ತೆ ಅತ್ತಳು. ಎಲ್ಲರೂ ಹೊರಟು ಹೋದ ಮೇಲೆ ಎಂಜಿನ್ನಿಗೆ ಹಾಕಲು ಒಂದು ಬೊಗಸೆ ಕಾಳೂ ಇರಲಿಲ್ಲ, ಕೊಳ್ಳಲು ಒಂದು ಬಿಲ್ಲೆಯೂ ಇರಲಿಲ್ಲ. ನೀಲಕಂಠ ಎಂಜಿನ್ನನ್ನು ನಿಲ್ಲಿಸಿದ. ಆ ಅಂಗಳದಲ್ಲಿ ಅಷ್ಟು ಮೌನವನ್ನು ನಾನು ಯಾವತ್ತೂ ಕೇಳಿರಲಿಲ್ಲ.

ತಿಂಗಳ ಕೊನೆಯ ದಿನ ಮತ್ತೆ ಯಾದಗಿರಿ. ಮ್ಯಾನೇಜರು ಫಾರ್ಮು ನೋಡಿ ನಕ್ಕರು.

“ಮುಕ್ಕಾಲು. ಸರಿಯಾಗಿದೆ. ಮೊದಲ ದಿನವೇ ನಾನು ಹಾಕಿಟ್ಟಿದ್ದೆ. ನಮ್ಮ ಸಾಲ ನಾಲ್ಕೂವರೆ ಸಾವಿರ, ನಿಮ್ಮ ಷೇರು ಆರು ಸಾವಿರ. ನೀವು ಅರ್ಧ ಅಂದಿರಿ, ಹಿರಿಯರು, ಹೋಗಲಿ ಅಂತ ಸುಮ್ಮನಾದೆ.”

ನೀಲಕಂಠ ಕುರ್ಚಿಯ ತುದಿಗೆ ಬಂದ. “ಅಲ್ರೀ ಸಾಹೇಬ್ರ, ಅವತ್ತು ಮೂರು ಸಾವಿರ ಕೈಗಡ ಇತ್ತರಿ.”

“ಕಾಗದ ಇತ್ತೆ?”

“ಕೈಗಡಕ್ಕ ಕಾಗದ ಎಲ್ಲಿಂದ್ರಿ?”

“ಹಾಗಾದರೆ ಅದು ನಮ್ಮ ಲೆಕ್ಕಕ್ಕೆ ಬರೋದೇ ಇಲ್ಲ ಸ್ವಾಮಿ. ಕಾಗದ ಇಲ್ಲದ್ದನ್ನ ಬ್ಯಾಂಕು ಸಾಲ ಅಂತ ಎಣಿಸೋದಿಲ್ಲ. ಅದರ ಚಿಂತೆ ನಿಮಗೆ ಯಾಕೆ ಬಂತು?” ಅವರು ಮೊಹರು ಎತ್ತಿಕೊಂಡರು. “ಇರಲಿ. ನಾಳೆ ನಮ್ಮವರು ಬಂದು ದಾಸ್ತಾನು ನೋಡ್ತಾರೆ. ಅದೇ ತಾನೆ ನಮಗೆ ಅಡಮಾನ? ಸೇಂಗಾ ಎಷ್ಟು ಚೀಲ ಇದೆ?”

“ಒಂದೂ ಇಲ್ರಿ.”

ಮೊಹರು ಗಾಳಿಯಲ್ಲೇ ನಿಂತಿತು. ಮ್ಯಾನೇಜರು ಕೆಟ್ಟವರಲ್ಲ. ಅವರ ಕಣ್ಣಲ್ಲಿ ನೋವು ಕಂಡೆ. ಆದರೆ ಮೊಹರನ್ನು ಮೆಲ್ಲಗೆ ಅದರ ಜಾಗದಲ್ಲಿಟ್ಟರು. “ಪ್ರಮಾಣ ಬಹಳ ಚೆನ್ನಾಗಿದೆ, ನೀಲಕಂಠಪ್ಪನವರೆ,” ಎಂದರು.

ಮಿಲ್ಲಿಗೆ ಬೀಗ ಬಿತ್ತು. ಮೂರು ತಿಂಗಳಿಗೆ ಹರಾಜು. ಎಂಜಿನ್ನು ಗೋಡೆ ಎಲ್ಲ ಸೇರಿ ಬಂದ ಹಣ ಬ್ಯಾಂಕಿನ ಅಸಲು, ಬಡ್ಡಿ, ಹರಾಜಿನ ಖರ್ಚಿಗೆ ಸರಿಹೋಯಿತು. ಷೇರುದಾರರಿಗೆ ಏನೂ ಉಳಿಯಲಿಲ್ಲ. ನಾನು ನೀಲಕಂಠನ ಮೇಲೆ ಸಿಟ್ಟಾಗಬೇಕೆಂದು ಬಹಳ ಪ್ರಯತ್ನಪಟ್ಟೆ, ಆಗಲಿಲ್ಲ. ಕಾಗದ ಬರೆದ ಕೈ ನನ್ನದೇ.

ಎಂಜಿನ್ನನ್ನು ಲಾರಿಗೆ ಏರಿಸಿದ ದಿನ ನೀಲಕಂಠ ಖಾಲಿ ಅಂಗಳದಲ್ಲಿ ನೆಲದ ಮೇಲೆ ಕೂತಿದ್ದ. ಲಾರಿ ರಸ್ತೆ ಮುಟ್ಟುವ ಹೊತ್ತಿಗೆ ದೇವಾಪುರದ ಕಡೆಯಿಂದ ಬಸ್ಸು ಬಂತು. ಗೊಲ್ಲಾಳಮ್ಮ ಇಳಿದಳು. ಬಂದವಳೇ ಸೆರಗಿನ ಗಂಟು ಬಿಚ್ಚಿ ಐದು ನೂರು ಹಾಲಿ ತಮ್ಮನ ಮಡಿಲಿಗೆ ಹಾಕಿದಳು.

“ಇದ್ಯಾಕಕ್ಕ ಈಗ?”

“ಮನಿ ನಡೀಬೇಕಲ್ಲ.”

“ಆಗ ವಾಪಸು ಒಯ್ದಿಯಲ್ಲ, ಅಕ್ಕ. ಆಗ ಇದ್ದಿದ್ರ ಮಿಲ್ಲು ಉಳೀತಿತ್ತು.”

“ಆಗ ನೀ ಕಾಗದ ಹಿಡಕೊಂಡು ಬಂದಿದ್ದಿ, ಅಂಜಿಕಿ ಬಂತು. ಈಗ ಬರೇ ಕೈಲೇ ಕುಂತಿ. ನಿನಗ ಕೊಡಾಕ ನನಗೇನ ಅಂಜಿಕಿ?”

ಅವಳ ಹಿಂದೆ ಅಂಬಣ್ಣ ಮಾವ, ಅವನ ಹಿಂದೆ ಅಯ್ಯಮ್ಮತ್ತೆ. ಸಂಜೆಯೊಳಗೆ ಏಳು ಮನೆಯವರೂ ಬಂದರು. ಒಬ್ಬರೂ ಕಾಗದ ಕೇಳಲಿಲ್ಲ. ಮೂರೂವರೆ ಸಾವಿರವೂ ಬಿಲ್ಲೆ ತಪ್ಪದೆ ಅವನ ಮಡಿಲಲ್ಲಿತ್ತು.

ನೀಲಕಂಠ ಬಹಳ ಹೊತ್ತು ಆ ಹಣ ನೋಡಿದ. ಆಮೇಲೆ ತಲೆ ಎತ್ತಿ, ಮರ್ಯಾದೆಯಿಂದ, ಮೊದಲ ದಿನ ಕೇಳಿದಷ್ಟೇ ಮುಗ್ಧನಾಗಿ ನನ್ನನ್ನು ಕೇಳಿದ:

“ಮಾಸ್ತರ್ರೆ, ಈಗ ಹಾಕ್ರಿ ಲೆಕ್ಕ. ಸಾಲ ಮೂರು ಸಾವಿರ ಕಲ್ದಾರ್. ಬಂಡವಾಳ ಸೊನ್ನಿ. ಎಷ್ಟಾತ್ರಿ?”

ಸೊನ್ನೆಯಿಂದ ಭಾಗಿಸಲು ಬರುವುದಿಲ್ಲವೆಂದು ನಾನು ವರ್ಷ ವರ್ಷವೂ ಮಕ್ಕಳಿಗೆ ಹೇಳುತ್ತೇನೆ. ಅವತ್ತು ಅವನಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.